ರೈತರ ಸಾಕ್ಷರತೆ: ಕಲಿತ ಅಕ್ಷರ ಉಳಿಯುವ ಬಗೆ

ಬೇಸಾಯದ ತಿಳಿವಳಿಕೆ ಹಿಂದೆ ಬಾಯಿಂದ ಬಾಯಿಗೆ ಸಾಗುತ್ತಿತ್ತು. ಯಾವ ಮಳೆಗೆ ಬಿತ್ತಬೇಕು, ಯಾವ ಹೊಲಕ್ಕೆ ಯಾವ ಬೆಳೆ ಒಗ್ಗುತ್ತದೆ, ಮುಂದಿನ ವರ್ಷದ ಬೀಜವನ್ನು ಹುಳು ಹಿಡಿಯದಂತೆ ಹೇಗೆ ಇಡಬೇಕು ಎಂಬುದನ್ನೆಲ್ಲ ಮಗ ತಂದೆಯಿಂದಲೂ ಸೊಸೆ ಅತ್ತೆಯಿಂದಲೂ ಕಲಿಯುತ್ತಿದ್ದರು. ಇಂದು ಬೀಜ ಚೀಲದಲ್ಲಿ ಬರುತ್ತದೆ, ಗೊಬ್ಬರ ಚೀಲದಲ್ಲಿ ಬರುತ್ತದೆ, ಕೀಟನಾಶಕ ಬಾಟಲಿಯಲ್ಲಿ ಬರುತ್ತದೆ. ಜಮೀನಿನ ಹಕ್ಕು ಪಹಣಿಯಲ್ಲಿದೆ. ಸಾಲದ ಲೆಕ್ಕ ಪಾಸ್ ಪುಸ್ತಕದಲ್ಲಿದೆ. ಇವೆಲ್ಲವೂ ಅಕ್ಷರ ಮತ್ತು ಅಂಕಿಗಳ ಮೂಲಕ ಮಾತನಾಡುತ್ತವೆ. ಓದು ಬಾರದ ರೈತ ಎಷ್ಟೇ ಅನುಭವಿಯಾಗಿದ್ದರೂ ಇವುಗಳ ಮುಂದೆ ಮತ್ತೊಬ್ಬರ ಬಾಯನ್ನು ನೋಡಬೇಕಾಗುತ್ತದೆ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಏಳು ವರ್ಷ ಮೇಲ್ಪಟ್ಟವರಲ್ಲಿ ಶೇಕಡಾ 75.36ರಷ್ಟು ಜನ ಅಕ್ಷರಸ್ಥರಾಗಿದ್ದರು. ಪುರುಷರಲ್ಲಿ ಈ ಪ್ರಮಾಣ ಶೇಕಡಾ 82.47, ಮಹಿಳೆಯರಲ್ಲಿ 68.08. ಜಿಲ್ಲೆಗಳ ಪೈಕಿ ದಕ್ಷಿಣ ಕನ್ನಡದಲ್ಲಿ ಶೇಕಡಾ 88.57 ಇದ್ದರೆ ಯಾದಗಿರಿಯಲ್ಲಿ 51.83 ಮಾತ್ರ ಇತ್ತು. ಕಳೆ ಕೀಳುವ, ನಾಟಿ ಮಾಡುವ, ಬೀಜ ಆರಿಸುವ, ಹೈನು ನೋಡಿಕೊಳ್ಳುವ ಕೆಲಸಗಳು ಹೆಚ್ಚಾಗಿ ಮಹಿಳೆಯರ ಕೈಯಲ್ಲಿವೆ. ಆದ್ದರಿಂದ ಈ ಅಂತರ ಬೇಸಾಯಕ್ಕೂ ಸಂಬಂಧಿಸಿದ ವಿಷಯವಾಗಿದೆ.

ಓದು ಬಾರದಿದ್ದರೆ ಆಗುವ ನಷ್ಟ

ಕೀಟನಾಶಕದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಪ್ರತಿ ಬಾಟಲಿಯ ಚೀಟಿಯ ಮೇಲೆ ವಜ್ರಾಕಾರದ ಒಂದು ಗುರುತು ಇರುತ್ತದೆ. ಅದರ ಕೆಳಭಾಗದ ಬಣ್ಣ ವಿಷದ ತೀವ್ರತೆಯನ್ನು ತಿಳಿಸುತ್ತದೆ. ಕೆಂಪು ಅತ್ಯಂತ ತೀವ್ರ ವಿಷ, ಹಳದಿ ಹೆಚ್ಚಿನ ವಿಷ, ನೀಲಿ ಮಧ್ಯಮ, ಹಸಿರು ಅಲ್ಪ. ಬಣ್ಣವನ್ನು ಯಾರು ಬೇಕಾದರೂ ಗುರುತಿಸಬಹುದು. ಆದರೆ ಎಷ್ಟು ನೀರಿಗೆ ಎಷ್ಟು ಬೆರೆಸಬೇಕು, ಸಿಂಪರಣೆಯಾದ ಎಷ್ಟು ದಿನಗಳ ನಂತರ ಕಾಯಿ ಬಿಡಿಸಬಹುದು, ಮೈಮೇಲೆ ಬಿದ್ದರೆ ಏನು ಮಾಡಬೇಕು, ಅವಧಿ ಮುಗಿಯುವ ದಿನ ಯಾವುದು ಎಂಬುದು ಬಣ್ಣದಿಂದ ತಿಳಿಯುವುದಿಲ್ಲ. ಅದನ್ನು ಓದಿಯೇ ತಿಳಿಯಬೇಕು. ಲೀಟರ್ ನೀರಿಗೆ 2 ಮಿಲಿ ಎಂದಿದ್ದರೆ 16 ಲೀಟರಿನ ಸಿಂಪರಣಾ ಯಂತ್ರಕ್ಕೆ 32 ಮಿಲಿ ಸಾಕು. ಓದಲು ಬಾರದೆ ಮುಚ್ಚಳದ ಲೆಕ್ಕದಲ್ಲಿ ಅಂದಾಜಿನಿಂದ ಸುರಿದರೆ ಹಣವೂ ಹಾಳು, ಬೆಳೆಗೂ ಆಪತ್ತು, ಹೊಡೆಯುವವನ ಜೀವಕ್ಕೂ ಆಪತ್ತು.

ಸಾಲದ ವಿಷಯವೂ ಹೀಗೆಯೇ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದಾಗ ಅದು ಸಣ್ಣದಾಗಿ ಕಾಣುತ್ತದೆ. ವರ್ಷಕ್ಕೆ ನೂರಕ್ಕೆ 36 ರೂಪಾಯಿ, ಹತ್ತು ಸಾವಿರಕ್ಕೆ 3,600 ರೂಪಾಯಿ ಎಂದು ಬರೆದು ನೋಡಿದಾಗ ಅದರ ಭಾರ ತಿಳಿಯುತ್ತದೆ. ಹೆಬ್ಬೆಟ್ಟು ಒತ್ತುವ ಮೊದಲು ಕಾಗದದಲ್ಲಿರುವ ಮೊತ್ತವನ್ನಾದರೂ ಓದಿಕೊಳ್ಳುವ ಶಕ್ತಿ ಬಂದರೆ ಎಷ್ಟೋ ಮನೆಗಳ ಜಮೀನು ಉಳಿಯುತ್ತದೆ.

ಹಿಂದೆ ನಡೆದ ಪ್ರಯತ್ನಗಳು

ವಯಸ್ಕರಿಗೆ ಅಕ್ಷರ ಕಲಿಸುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿಯೇ ಮೈಸೂರು ಸಂಸ್ಥಾನದಲ್ಲಿ ರಾತ್ರಿ ಶಾಲೆಗಳು ನಡೆದವು. 1940ರ ದಶಕದಲ್ಲಿ ಮೈಸೂರಿನಲ್ಲಿ ಆರಂಭವಾದ ಸಾಕ್ಷರತಾ ಸಮಿತಿ ಮುಂದೆ ರಾಜ್ಯ ವಯಸ್ಕರ ಶಿಕ್ಷಣ ಸಮಿತಿಯಾಗಿ ಬೆಳೆಯಿತು. ಹೊಸದಾಗಿ ಓದು ಕಲಿತವರಿಗಾಗಿ 'ಬೆಳಕು' ಎಂಬ ಪತ್ರಿಕೆಯನ್ನು ಹೊರಡಿಸಿದ್ದು ಇದೇ ಸಮಿತಿ. ಅದು 1947ರಲ್ಲಿ ನಂಜನಗೂಡಿನಲ್ಲಿ ಆರಂಭಿಸಿದ ವಿದ್ಯಾಪೀಠದಲ್ಲಿ ಹಳ್ಳಿಯ ಯುವಕರಿಗೆ ಬೇಸಾಯ ಮತ್ತು ಕೈಕಸುಬುಗಳ ತರಬೇತಿ ದೊರೆಯಿತು.

ಹೆಚ್ಚು ಇಳುವರಿಯ ತಳಿಗಳು ಬಂದಾಗ ಬೇಸಾಯಕ್ಕೂ ಸಾಕ್ಷರತೆಗೂ ನೇರವಾದ ಸಂಬಂಧ ಏರ್ಪಟ್ಟಿತು. 1967-68ರಲ್ಲಿ ಕೇಂದ್ರ ಸರ್ಕಾರವು ರೈತರ ಕ್ರಿಯಾತ್ಮಕ ಸಾಕ್ಷರತಾ ಯೋಜನೆಯನ್ನು ಆರಂಭಿಸಿತು. ಕೃಷಿ, ಶಿಕ್ಷಣ ಮತ್ತು ವಾರ್ತಾ ಇಲಾಖೆಗಳು ಇದರಲ್ಲಿ ಕೈಜೋಡಿಸಿದವು. ರೈತನಿಗೆ ತರಬೇತಿ, ಓದುಬರಹ, ಆಕಾಶವಾಣಿಯ ಕೃಷಿ ಕಾರ್ಯಕ್ರಮ, ಈ ಮೂರೂ ಒಂದೇ ವಿಷಯವನ್ನು ಹೇಳಬೇಕೆಂಬುದು ಅದರ ತತ್ವವಾಗಿತ್ತು. 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ 1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ನೂ ಆರಂಭವಾದವು. ಇವೆರಡೂ 15ರಿಂದ 35 ವರ್ಷದವರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದ್ದವು.

ಸಂಬಳವಿಲ್ಲದ ಸ್ವಯಂಸೇವಕರ ಶಕ್ತಿ ಎಷ್ಟೆಂಬುದು ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಕಂಡುಬಂದಿತು. ಅಲ್ಲಿ ಜಿಲ್ಲಾಡಳಿತ ಮತ್ತು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಸೇರಿ 1989ರಲ್ಲಿ ಆಂದೋಲನ ನಡೆಸಿದವು. ಸಾವಿರಾರು ಯುವಕ ಯುವತಿಯರು ಮನೆಮನೆಗೆ ಹೋಗಿ ಕಲಿಸಿದರು. 1990ರ ಫೆಬ್ರವರಿ 4ರಂದು ಅದು ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾಯಿತು. 1990ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡ, ಬಿಜಾಪುರ ಮೊದಲಾದ ನಮ್ಮ ಜಿಲ್ಲೆಗಳೂ ಇದೇ ಹಾದಿ ಹಿಡಿದವು. ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾಕ್ಷರತಾ ಕೇಂದ್ರದಲ್ಲಿ ಸೇರುತ್ತಿದ್ದ ಹೆಣ್ಣುಮಕ್ಕಳು ಸಾರಾಯಿಯ ಹಾನಿಯನ್ನು ಚರ್ಚಿಸಿ, ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಆ ಚಳವಳಿ ರಾಜ್ಯಕ್ಕೆಲ್ಲ ಹಬ್ಬಿ, 1993ರಲ್ಲಿ ಅಲ್ಲಿ ಸಾರಾಯಿ ನಿಷೇಧವಾಯಿತು. ಒಂದೆಡೆ ಕುಳಿತು ಕಲಿಯುವ ಜನ ಅಕ್ಷರವನ್ನಷ್ಟೇ ಕಲಿಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಅನಂತರ 2009ರಿಂದ 2018ರವರೆಗೆ ಸಾಕ್ಷರ ಭಾರತ ಕಾರ್ಯಕ್ರಮ ನಡೆಯಿತು. 2022ರಿಂದ 2027ರ ಅವಧಿಗೆ 'ಉಲ್ಲಾಸ್' ಎಂಬ ಹೆಸರಿನ ನವಭಾರತ ಸಾಕ್ಷರತಾ ಕಾರ್ಯಕ್ರಮವನ್ನು ರೂಪಿಸಲಾಗಿದೆ. 15 ವರ್ಷ ಮೇಲ್ಪಟ್ಟ ಐದು ಕೋಟಿ ಜನರನ್ನು ತಲುಪುವ ಗುರಿಯುಳ್ಳ ಈ ಕಾರ್ಯಕ್ರಮವೂ ಸ್ವಯಂಸೇವಕರನ್ನೇ ನೆಚ್ಚಿಕೊಂಡಿದೆ.

ಕಲಿಸುವವರು ಮತ್ತು ಕಲಿಯುವವರು

ಯೋಜನೆಗಳ ಹೆಸರು ಬದಲಾಗುತ್ತಿರುತ್ತದೆ. ಆದರೆ ಪ್ರತಿಯೊಂದು ಯೋಜನೆಯೂ ಕೊನೆಗೆ ಒಂದು ಜಗಲಿಯ ಮೇಲೆ, ಒಂದು ದೀಪದ ಕೆಳಗೆ, ಒಬ್ಬ ಕಲಿಸುವವನು ಮತ್ತು ಎಂಟು ಹತ್ತು ಮಂದಿ ಕಲಿಯುವವರ ಕೈಯಲ್ಲಿ ನಿಂತಿರುತ್ತದೆ. ಇವರ ನಡುವಿನ ಸಂಬಂಧ ಸರಿಯಿದ್ದರೆ ಕೇಂದ್ರ ನಡೆಯುತ್ತದೆ. ಇಲ್ಲದಿದ್ದರೆ ಎರಡೇ ತಿಂಗಳಲ್ಲಿ ಮುಚ್ಚುತ್ತದೆ.

ಸ್ವಯಂಸೇವಕರು ಅದೇ ಊರಿನವರಾಗಿರುವುದು ಮೇಲು. ಹತ್ತನೆಯ ತರಗತಿ ಮುಗಿಸಿದ ಯುವಕ ಅಥವಾ ಯುವತಿ ಈ ಕೆಲಸವನ್ನು ಮಾಡಬಲ್ಲರು. ಹಗಲು ಮನೆಬಿಟ್ಟು ಬರಲಾಗದ ಸೊಸೆಯಂದಿರಿಗೆ ಹೆಣ್ಣುಮಕ್ಕಳೇ ಕಲಿಸುವುದು ಅನುಕೂಲ. ಕಲಿಯಲು ಬರುವವರು ವಯಸ್ಸಿನಲ್ಲಿ ಹಿರಿಯರಾಗಿರುವುದರಿಂದ ಅವರನ್ನು ಅಣ್ಣ, ಅಕ್ಕ, ಅಮ್ಮ, ಅಜ್ಜ ಎಂದು ಎಂದಿನಂತೆಯೇ ಕರೆಯಬೇಕು. ಹುಡುಗರಿಗೆ ಮಾಡುವಂತೆ ಎಲ್ಲರ ಮುಂದೆ ತಪ್ಪು ತಿದ್ದಿದರೆ, ಮರುದಿನ ಅವರು 'ದನಕ್ಕೆ ಮೇವು ತರಬೇಕು' ಎಂದು ಹೇಳಿ ಉಳಿದುಬಿಡುತ್ತಾರೆ. ನಿಜವಾದ ಕಾರಣ ನಾಚಿಕೆ ಎಂಬುದನ್ನು ಕಲಿಸುವವರು ಅರ್ಥಮಾಡಿಕೊಳ್ಳಬೇಕು.

ಕಲಿಯುವವರ ಕಷ್ಟಗಳಲ್ಲಿ ಕೆಲವು ದೇಹಕ್ಕೆ ಸಂಬಂಧಿಸಿದವು. ನಲವತ್ತು ದಾಟಿದವರಿಗೆ ಚಾಳೀಸು ಬರುತ್ತದೆ. ದೂರದ ಬದುವಿನ ಮೇಲಿನ ದನವನ್ನು ಗುರುತಿಸುವ ರೈತನಿಗೆ ಕೈಯಲ್ಲಿರುವ ಪುಸ್ತಕದ ಅಕ್ಷರ ಮಸುಕಾಗಿರುತ್ತದೆ. ಇಂಥವರು 'ನನ್ನ ತಲೆಗೆ ಹತ್ತುವುದಿಲ್ಲ' ಎಂದುಕೊಂಡು ಬಿಟ್ಟುಹೋಗುತ್ತಾರೆ. ಇವರಿಗೆ ಬೇಕಾದದ್ದು ಕನ್ನಡಕ ಮಾತ್ರ. ಎರ್ನಾಕುಲಂನಲ್ಲಿ ದಾನವಾಗಿ ಬಂದ ಕನ್ನಡಕಗಳನ್ನು ಸಂಗ್ರಹಿಸಿ ವಯಸ್ಸಾದ ಕಲಿಕಾರ್ಥಿಗಳಿಗೆ ಹಂಚಲಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ನೆರವಿನಿಂದ ಆರಂಭದಲ್ಲಿಯೇ ಕಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕುಡುಗೋಲು, ಗುದ್ದಲಿ ಹಿಡಿದು ಗಡುಸಾದ ಕೈಗೆ ಪೆನ್ನು ನಿಲ್ಲುವುದಿಲ್ಲ. ಮೊದಲ ವಾರಗಳಲ್ಲಿ ಸ್ಲೇಟು ಮತ್ತು ಬಳಪ ಕೊಟ್ಟು ದಪ್ಪ ಅಕ್ಷರ ಬರೆಸಿದರೆ ಕೈ ಪಳಗುತ್ತದೆ.

ಸಮಯವನ್ನೂ ಕಲಿಯುವವರೇ ಗೊತ್ತುಮಾಡಲಿ. ಬಿತ್ತನೆ ಮತ್ತು ಸುಗ್ಗಿಯ ದಿನಗಳಲ್ಲಿ ಹಾಜರಾತಿಗೆ ಒತ್ತಾಯಿಸಿದರೆ ಕೇಂದ್ರವೇ ಒಡೆದುಹೋಗುತ್ತದೆ. ಆ ದಿನಗಳಲ್ಲಿ ವಾರಕ್ಕೊಮ್ಮೆ ಸೇರಿ, ಕೆಲಸ ಹಗುರಾದ ತಿಂಗಳುಗಳಲ್ಲಿ ದಿನವೂ ಸೇರುವುದು ಸೂಕ್ತ.

ಪಾಠ ಎಲ್ಲಿಂದ ಆರಂಭಿಸಬೇಕು?

ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮದಲ್ಲೇ ಕಲಿಸಬೇಕೆಂಬ ನಿಯಮವೇನೂ ಇಲ್ಲ. ಆಕಾರದಲ್ಲಿ ಸುಲಭವಾದ ಮತ್ತು ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಟ್ಟಿಗೆ ಕಲಿಸಿದರೆ ಬೇಗ ಬರುತ್ತದೆ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳು ಬಂದೊಡನೆ 'ದರ', 'ಸರ', 'ರಸ', 'ಅಗಸ' ಎಂದು ಓದಬಹುದು. ಜ, ವ, ಮ, ಬ, ನ ಸೇರಿದರೆ 'ದನ', 'ಮರ', 'ಜನ', 'ಬಸವ' ಬರುತ್ತವೆ. ಹತ್ತೇ ಅಕ್ಷರ ಕಲಿತ ರೈತ ಮಾರುಕಟ್ಟೆಯ ಹಲಗೆಯ ಮೇಲೆ 'ದರ' ಎಂಬ ಪದವನ್ನು ಗುರುತಿಸಿದರೆ ಅವನಿಗೆ ಬರುವ ಧೈರ್ಯ ಬೇರೆ ಯಾವ ಉಪದೇಶದಿಂದಲೂ ಬರುವುದಿಲ್ಲ.

ಲೆಕ್ಕದಲ್ಲಿ ವಯಸ್ಕರು ಬರಿಗೈಯಲ್ಲಿ ಬರುವುದಿಲ್ಲ ಎಂಬುದನ್ನು ನೆನಪಿಡಬೇಕು. ಪಾವು, ಸೇರು, ಕೊಳಗ, ಖಂಡುಗಗಳ ಲೆಕ್ಕವನ್ನು ಬಾಯಲ್ಲೇ ಮಾಡುವವರು, ನೋಟಿನ ಬೆಲೆ ತಿಳಿದವರು ಅವರು. ಅವರಿಗೆ ಕಲಿಸಬೇಕಾದದ್ದು ಬಾಯಿಲೆಕ್ಕವನ್ನು ಅಂಕಿಯಲ್ಲಿ ಬರೆಯುವ ಬಗೆಯನ್ನು ಮಾತ್ರ.

ಹೊಲದ ಕಾಗದಗಳೇ ಪಠ್ಯಪುಸ್ತಕ

ಅಕ್ಷರ ಮತ್ತು ಕಾಗುಣಿತ ಬಂದ ಮೇಲೆ ಪ್ರೈಮರ್ ಜೊತೆಯಲ್ಲಿ ಈ ಕೆಳಗಿನವುಗಳನ್ನು ಪಾಠವಾಗಿ ಬಳಸಬಹುದು.

1. ಬೀಜದ ಚೀಲದ ಚೀಟಿ: ಮೂಲ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತದೆ. ತಳಿಯ ಹೆಸರು, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕಗಳನ್ನು ಓದಿಸಬೇಕು.

2. ಗೊಬ್ಬರದ ಚೀಲ: ಯೂರಿಯಾದಲ್ಲಿ ಶೇಕಡಾ 46 ಸಾರಜನಕವಿದೆ. 45 ಕಿಲೋ ಚೀಲದಲ್ಲಿ 20.7 ಕಿಲೋ ಆಯಿತು. ಡಿಎಪಿ ಚೀಲದ ಮೇಲೆ 18:46 ಎಂದಿದ್ದರೆ 50 ಕಿಲೋದಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ. ಮಣ್ಣು ಪರೀಕ್ಷೆಯ ಶಿಫಾರಸ್ಸನ್ನು ಚೀಲಗಳ ಲೆಕ್ಕಕ್ಕೆ ತರುವುದು ಒಳ್ಳೆಯ ಗಣಿತ ಪಾಠ.

3. ಕೀಟನಾಶಕದ ಚೀಟಿ: ತೊಳೆಯದ ಬಾಟಲಿಯನ್ನು ಕೇಂದ್ರಕ್ಕೆ ತರಕೂಡದು. ಚೀಟಿಯಲ್ಲಿರುವುದನ್ನು ದೊಡ್ಡ ಹಾಳೆಯಲ್ಲಿ ಬರೆದುಕೊಂಡು ಓದಿಸಬೇಕು.

4. ತೂಕದ ಚೀಟಿ: ಒಟ್ಟು ತೂಕ, ಚೀಲದ ತೂಕ, ನಿವ್ವಳ ತೂಕ, ಕ್ವಿಂಟಾಲಿನ ದರ, ಕಡಿತ, ಕೈಗೆ ಬಂದ ಹಣ, ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲವೂ ಇದರಲ್ಲಿಯೇ ಇದೆ.

5. ಪಹಣಿ ಮತ್ತು ಪಾಸ್ ಪುಸ್ತಕ: ಸರ್ವೆ ನಂಬರು, ಹೆಸರು, ಎಕರೆ-ಗುಂಟೆ, ಸಾಲದ ನಮೂದು. ಇವು ಮನೆಯ ಗುಟ್ಟಿನ ವಿಷಯಗಳಾದುದರಿಂದ ಮಾದರಿ ಕಾಗದದ ಮೇಲೆ ಕಲಿಸಿ, ತಮ್ಮದನ್ನು ಅವರವರೇ ಮನೆಯಲ್ಲಿ ಓದಿಕೊಳ್ಳಲು ಬಿಡಬೇಕು.

ಕಲಿತದ್ದು ಮರೆಯದಂತೆ

ಸಾಕ್ಷರತಾ ಕಾರ್ಯಕ್ರಮಗಳ ದೊಡ್ಡ ಕೊರತೆ ಪರೀಕ್ಷೆ ಮುಗಿದ ಮೇಲೆ ಕಾಣಿಸಿಕೊಳ್ಳುತ್ತದೆ. ರಾಷ್ಟ್ರೀಯ ಸಾಕ್ಷರತಾ ಮಿಷನ್ ಕಾಲದಲ್ಲಿ ನಿಮಿಷಕ್ಕೆ 30 ಪದಗಳನ್ನು ಗಟ್ಟಿಯಾಗಿ ಓದಬೇಕು, ನೂರರವರೆಗೆ ಅಂಕಿ ಓದಿ ಬರೆಯಬೇಕು ಎಂಬ ಅಳತೆಗಳಿದ್ದವು. ಈ ಅಳತೆ ಮುಟ್ಟಿದವರೂ ಮುಂದೆ ಓದಲು ಏನೂ ಸಿಗದಿದ್ದರೆ ಒಂದೆರಡು ವರ್ಷಗಳಲ್ಲಿ ಮತ್ತೆ ಹೆಬ್ಬೆಟ್ಟಿಗೆ ಮರಳುತ್ತಾರೆ. ಮೊಳಕೆ ಬಂದ ಮಾತ್ರಕ್ಕೆ ಬೆಳೆ ಕೈಗೆ ಬಂದಂತಲ್ಲ. ಮೊಳಕೆಯ ನಂತರ ನೀರಿಲ್ಲದಿದ್ದರೆ ಬೀಜವೂ ಹೋಗುತ್ತದೆ, ದುಡಿಮೆಯೂ ಹೋಗುತ್ತದೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ಪ್ರತಿ ಮನೆಯಲ್ಲಿ ಒಂದು ಹೊಲದ ಪುಸ್ತಕವಿಟ್ಟು, ಬಿತ್ತಿದ ದಿನ, ಬೀಜದ ಹೆಸರು, ಹಾಕಿದ ಗೊಬ್ಬರ, ಕೊಟ್ಟ ಕೂಲಿ, ಬಂದ ಇಳುವರಿಯನ್ನು ಹೊಸದಾಗಿ ಕಲಿತವರೇ ಬರೆಯಲಿ. ವಾರಕ್ಕೆ ಎರಡೇ ಸಾಲು ಬರೆದರೂ ಅಕ್ಷರ ಉಳಿಯುತ್ತದೆ. ಜೊತೆಗೆ ಬೇಸಾಯದ ಖರ್ಚುವೆಚ್ಚದ ಲೆಕ್ಕವೂ ಸಿಗುತ್ತದೆ. ಹಾಲಿನ ಡೇರಿಯ ಮತ್ತು ಸ್ವಸಹಾಯ ಸಂಘದ ಪುಸ್ತಕಗಳನ್ನು ಸರದಿಯ ಮೇಲೆ ಇವರಿಂದ ಓದಿಸಬಹುದು. ವಿಸ್ತರಣಾ ಕಾರ್ಯಕರ್ತರು ಹಂಚುವ ಕರಪತ್ರಗಳಲ್ಲಿ ಸಾಲುಗಳು ಚಿಕ್ಕವಾಗಿ, ಅಕ್ಷರಗಳು ದಪ್ಪವಾಗಿ, ಪದಗಳು ಆಡುಮಾತಿಗೆ ಹತ್ತಿರವಾಗಿರಬೇಕು. ಒತ್ತಕ್ಷರಗಳೇ ತುಂಬಿದ ಸಂಸ್ಕೃತ ಪದಗಳು ಹೊಸ ಓದುಗರನ್ನು ಹಿಮ್ಮೆಟ್ಟಿಸುತ್ತವೆ.

ಊರಿನಲ್ಲಿ ಓದು ಬಂದ ರೈತರು ಈ ಮುಂಗಾರಿನ ನಂತರ ನೆರೆಯ ಒಬ್ಬರಿಗೆ ಕಲಿಸುವ ಹೊಣೆ ಹೊರಬಹುದು. ಪುಸ್ತಕ ಮತ್ತು ಮಾರ್ಗದರ್ಶನಕ್ಕೆ ಗ್ರಾಮ ಪಂಚಾಯಿತಿ ಅಥವಾ ಶಾಲೆಯ ಮುಖ್ಯೋಪಾಧ್ಯಾಯರನ್ನು ವಿಚಾರಿಸಬೇಕು. ಕಲಿಸುವವರಿಗೂ ಇದರಲ್ಲಿ ಲಾಭವಿದೆ. ಅಕ್ಷರ ಹೇಳಿಕೊಡುವ ಯುವಕ ಅದೇ ಜಗಲಿಯ ಮೇಲೆ ಮಳೆಯ ಲಕ್ಷಣ, ಮಣ್ಣಿನ ಗುಣ, ಬೀಜ ಕಾಯುವ ಬಗೆಯನ್ನು ಹಿರಿಯರಿಂದ ಕೇಳಿ ತಿಳಿಯುತ್ತಾನೆ. ಅದನ್ನು ಅವನು ಬರೆದಿಟ್ಟರೆ ಮುಂದಿನವರಿಗೂ ದಕ್ಕುತ್ತದೆ.