ಟಿ.ವಿ. ಪೆಟ್ಟಿಗೆಯೇ ಸ್ಲೇಟಾದರೆ

1956ರಲ್ಲಿ ಭಾಷಾವಾರು ರಾಜ್ಯಗಳ ರಚನೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು ದೂರದ ಹೊಸೂರು ಮದರಾಸು ರಾಜ್ಯದಲ್ಲೇ ಉಳಿಯಿತು. ಆಗ ಸೇಲಂ ಜಿಲ್ಲೆಯಲ್ಲಿದ್ದ ಆ ಸೀಮೆ 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. ಜಿಲ್ಲೆಯ ಹೆಸರು ಎಷ್ಟು ಬದಲಾದರೂ ಹೊಸೂರು, ತಳಿ, ದೇಂಕಣಿಕೋಟೆಗಳ ಸುತ್ತಿನ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತಾಗಿರುವ ಕುಟುಂಬಗಳು ಇಂದಿಗೂ ಇವೆ. ತಮಿಳುನಾಡಿನ 2006ರ ಕಾಯಿದೆ ಒಂದನೆಯ ತರಗತಿಯಿಂದಲೇ ತಮಿಳನ್ನು ಕಡ್ಡಾಯಗೊಳಿಸಿದ ಮೇಲೆ ಅಲ್ಲಿನ ಮಕ್ಕಳ ಕನ್ನಡ ಓದು ಬಹುಮಟ್ಟಿಗೆ ಮನೆಯ ಜವಾಬ್ದಾರಿಯಾಗುತ್ತಿದೆ. ಈ ಕಷ್ಟವನ್ನು ಕಾಸರಗೋಡಿನ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅದೇ 2006ರಲ್ಲಿ ಅಲ್ಲಿನ ಮನೆಗಳಿಗೆ ಇನ್ನೊಂದು ವಸ್ತುವೂ ಬರತೊಡಗಿತು. ಕರುಣಾನಿಧಿಯವರ ಸರಕಾರ ಚುನಾವಣೆಯಲ್ಲಿ ಕೊಟ್ಟ ಮಾತಿನಂತೆ ಬಡ ಕುಟುಂಬಗಳಿಗೆ 14 ಇಂಚಿನ ಬಣ್ಣದ ಟಿ.ವಿ.ಯನ್ನು ಉಚಿತವಾಗಿ ಹಂಚಿತು. 2011ರ ವೇಳೆಗೆ ರಾಜ್ಯದಲ್ಲಿ ಒಂದೂವರೆ ಕೋಟಿಗೂ ಮಿಕ್ಕಿ ಪೆಟ್ಟಿಗೆಗಳು ಹೋದವು. ಅದು ಓಟಿಗಾಗಿ ಕೊಟ್ಟದ್ದೆಂಬ ಟೀಕೆ ಆಗಲೂ ಇತ್ತು, ಈಗಲೂ ಇದೆ. ನಾವು ಆ ವಾದಕ್ಕೆ ಹೋಗುವುದಿಲ್ಲ. ಪರದೆಯಂತೂ ಮನೆಗೆ ಬಂತು. ಅದರ ಮೇಲೆ ಏನು ಕಾಣಿಸಬೇಕೆಂಬುದನ್ನು ಮಾತ್ರ ಮನೆಯವರು ನಿರ್ಧರಿಸುವಂತಿರಲಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಇದು ಚೆನ್ನಾಗಿ ಗೊತ್ತಾಯಿತು. ಟಿ.ವಿ. ಪಾಠ ಹೇಳುತ್ತದೆ, ಆದರೆ ಮಗು ತಡೆದರೆ ನಿಲ್ಲುವುದಿಲ್ಲ, ಕೇಳಿದರೆ ಮತ್ತೊಮ್ಮೆ ಹೇಳುವುದಿಲ್ಲ.

ಈ ಮೂಕ ಪೆಟ್ಟಿಗೆಗೆ ಒಂದು ಪುಟ್ಟ ಕಂಪ್ಯೂಟರನ್ನು ಜೋಡಿಸಿದರೆ ಹೇಗೆ? ಇದೇನೂ ಹೊಸ ಯೋಚನೆಯಲ್ಲ. 1982ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್ ಮನೆಯ ಟಿ.ವಿ.ಯನ್ನೇ ಪರದೆ ಮಾಡಿಕೊಂಡ ಯಂತ್ರ. 1984ರಲ್ಲಿ ನಮ್ಮ ಕೇಂದ್ರ ಸರಕಾರ 'ಕ್ಲಾಸ್' ಯೋಜನೆಯಡಿ ಶಾಲೆಗಳಿಗೆ ಕೊಡತೊಡಗಿದ್ದು ಬಿ.ಬಿ.ಸಿ. ಮೈಕ್ರೋ ಎಂಬ ಕಂಪ್ಯೂಟರು. ಅದರ ನೆನಪಿನಲ್ಲೇ ಕೇಂಬ್ರಿಜ್‌ನ ಎಬೆನ್ ಅಪ್ಟನ್ ಮತ್ತು ಸಂಗಡಿಗರು 2012ರ ಫೆಬ್ರವರಿ 29ರಂದು ರಾಸ್ಪ್‌ಬೆರಿ ಪೈ ಎಂಬುದನ್ನು ಹೊರತಂದರು. ಅಂಗೈಯಲ್ಲಿ ಹಿಡಿಸುವ ಹಲಗೆ. ಡಿಸ್ಕಿನ ಬದಲಿಗೆ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡು. 2020ರ 'ಪೈ 400'ರಲ್ಲಿ ಕಂಪ್ಯೂಟರು ಪೂರಾ ಕೀಲಿಮಣೆಯೊಳಗೇ ಅಡಗಿದೆ.

ಆದರೆ ಪೇಟೆಗೆ ಹೋಗಿ ಕಣ್ಣಿಗೆ ಕಂಡದ್ದನ್ನು ಕೊಳ್ಳಬಾರದು. ಹಳೆಯ ಡಬ್ಬಿ ಟಿ.ವಿ.ಗೆ ಹಳದಿ ಬಣ್ಣದ ಎ.ವಿ. ಕಿಂಡಿಯೇ ಗತಿ. 2014ರ 'ಬಿ ಪ್ಲಸ್'ನಿಂದ 2019ರ 'ಪೈ 4'ರವರೆಗಿನ ಬಿ ಮಾದರಿಯ ಹಲಗೆಗಳಲ್ಲಿ ಇಯರ್‌ಫೋನ್ ಚುಚ್ಚುವಂತಹ ತೂತಿನಿಂದಲೇ ಆ ಚಿತ್ರವೂ ಹೊರಡುತ್ತದೆ. 'ಪೈ 400' ಮತ್ತು 2023ರ 'ಪೈ 5'ರಲ್ಲಿ ಆ ತೂತಿಲ್ಲ. ತಂತಿಯ ಒಳಜೋಡಣೆಯ ಕ್ರಮ ಬೇರೆಯಾದರೂ ಚಿತ್ರ ಬಾರದು. ಅಮೆರಿಕದ ಪದ್ಧತಿಗೆ ಹೊಂದಿಸಿರುವುದನ್ನು ನಮ್ಮ 'ಪಾಲ್' ಪದ್ಧತಿಗೆ ಬದಲಿಸಬೇಕಾದದ್ದೂ ಇದೆ. ಚಪ್ಪಟೆ ಟಿ.ವಿ. ಇರುವ ಮನೆಯಲ್ಲಿ ಈ ರಗಳೆ ಇಲ್ಲ, ಎಚ್.ಡಿ.ಎಂ.ಐ. ತಂತಿ ಚುಚ್ಚಿದರೆ ಆಯಿತು.

ಕನ್ನಡದವರಿಗೆ ಇನ್ನೊಂದು ತೊಡಕುಂಟು, ಇಂಗ್ಲಿಷಿನವರಿಗೆ ಇದು ಹೊಳೆಯಲಾರದು. ಹಳೆಯ ಟಿ.ವಿ.ಯ ಚಿತ್ರ 576 ಗೆರೆಗಳಲ್ಲಿ ಮುಗಿಯುತ್ತದೆ. ಅದರಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ ಹೇಗೋ ಓದಿಸಿಕೊಳ್ಳುತ್ತದೆ. ನಮ್ಮ ಒತ್ತಕ್ಷರ ಮಾತ್ರ ಕೆಳಗೆ ಮಸಿ ಚೆಲ್ಲಿದಂತೆ ಕಾಣುತ್ತದೆ. 'ಷ್ಟ' ಯಾವುದು 'ಷ್ಠ' ಯಾವುದು ತಿಳಿಯದು. ಅಕ್ಷರ ಕಲಿಯುತ್ತಿರುವ ಮಗುವಿಗೆ ಇದು ಸಣ್ಣ ತೊಂದರೆಯಲ್ಲ. ಸಾಲಿಗೆ ನಾಲ್ಕೈದು ಪದ ಮಾತ್ರ ಹಿಡಿಸುವಷ್ಟು ಅಕ್ಷರವನ್ನು ದೊಡ್ಡದು ಮಾಡಿ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಥವಾ ಹಳದಿ ಬಣ್ಣ ಇಡುವುದು ಒಳ್ಳೆಯದು. ಪರದೆಯ ಅಂಚಿನಲ್ಲಿ ಸಾಲು ಕತ್ತರಿಸಿಹೋಗುತ್ತಿದ್ದರೆ ಕಂಪ್ಯೂಟರಿನ ಹೊಂದಾಣಿಕೆಯಲ್ಲಿ 'ಓವರ್‌ಸ್ಕ್ಯಾನ್' ಎಂಬುದನ್ನು ಸರಿಪಡಿಸಬೇಕು.

ಕಣ್ಣು ಮಂದವಾದವರಿಗೆ ಈ ಜೋಡಣೆಯಿಂದ ಆಗುವ ಉಪಕಾರವೇ ನಮ್ಮ ದೃಷ್ಟಿಯಲ್ಲಿ ದೊಡ್ಡದು. ಮೊಬೈಲಿನ ಅಂಗುಲದ ಪರದೆಯಲ್ಲಿ ಅಜ್ಜಿ ಏನನ್ನು ಓದಿಯಾಳು? ಟಿ.ವಿ.ಯಲ್ಲಿ ಒಂದೊಂದು ಅಕ್ಷರವನ್ನೂ ಬೆರಳುದ್ದ ಮಾಡಬಹುದು. ಪೈ ಯಂತ್ರಕ್ಕೆ 2020ರಲ್ಲಿ ಭೂತಗನ್ನಡಿಯಂತಹ ಸೌಲಭ್ಯ ಬಂತು. ಅದೇ ವರ್ಷ ಫೆಬ್ರವರಿಯಲ್ಲಿ, ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದಿಹೇಳುವ 'ಓರ್ಕಾ' ಕೂಡಾ. ವಿಂಡೋಸ್ ನಡೆಯುವ ಪುಟ್ಟ ಕಂಪ್ಯೂಟರಾದರೆ ಎನ್.ವಿ.ಡಿ.ಎ. ಎಂಬುದು ಉಚಿತ. ಎರಡಕ್ಕೂ ಧ್ವನಿ ಕೊಡುವ 'ಇ-ಸ್ಪೀಕ್'ಗೆ ಕನ್ನಡ ಬರುತ್ತದೆ. ಯಂತ್ರದ ಕನ್ನಡ, ಮೂಗಿನಲ್ಲಿ ಮಾತಾಡಿದಂತಿದೆ. ಎರಡು ದಿನ ಕೇಳಿದರೆ ಕಿವಿಗೆ ಒಗ್ಗುತ್ತದೆ. ಕಣ್ಣೇ ಕಾಣದ ಹುಡುಗನಿಗೆ ಕನ್ನಡದ ಪುಟ ತಾನಾಗಿ ಓದಿಸಿಕೊಳ್ಳುವ ದಾರಿ ಬೇರೆ ಎಷ್ಟಿವೆ?

ಇಲ್ಲೊಂದು ಮುಖ್ಯ ಮಾತು. ಯಂತ್ರ ಓದುವುದು ಯೂನಿಕೋಡ್ ಕನ್ನಡವನ್ನು ಮಾತ್ರ. ಹಿಂದೆ ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಜೋಡಿಸಿದ ಪುಟ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯಂತ್ರ ಅದನ್ನೇ ಒದರುತ್ತದೆ. ಪಾಠದ ಟಿಪ್ಪಣಿ ಸಿದ್ಧಪಡಿಸುವ ಅಧ್ಯಾಪಕ ಬಂಧುಗಳು ದಯಮಾಡಿ ಇದನ್ನು ಗಮನಿಸಬೇಕು. ನಾವು ಸುಂದರವಾಗಿ ಅಚ್ಚು ಮಾಡಿಕೊಟ್ಟದ್ದು ಕುರುಡು ವಿದ್ಯಾರ್ಥಿಗೆ ಖಾಲಿ ಹಾಳೆಯಾಗಬಾರದು.

ಬರೆಯುವುದಕ್ಕೆ ನಮ್ಮ ಕಿನ್ನಿಕಂಬಳ ಪದ್ಮನಾಭ ರಾಯರ ಕೀಲಿಮಣೆ ವಿನ್ಯಾಸವೇ ಸಾಕು; ಪೈ ಯಂತ್ರದಲ್ಲಿ 'ಕಗಪ' ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಕೆ ಒತ್ತಿದರೆ 'ಕ', ಶಿಫ್ಟ್ ಹಿಡಿದು ಒತ್ತಿದರೆ 'ಖ'. ಒಂದೇ ಕೈ ಸ್ವಾಧೀನದಲ್ಲಿರುವ ಮಗು ಎರಡು ಕೀಲಿ ಒಟ್ಟಿಗೆ ಹಿಡಿಯುವುದೆಂತು? ವಿಂಡೋಸಿನಲ್ಲಿ ಶಿಫ್ಟನ್ನು ಐದು ಸಲ ಒತ್ತಿ ಒಪ್ಪಿಗೆ ಕೊಟ್ಟರೆ, ಆ ಮೇಲೆ ಒಂದರ ನಂತರ ಒಂದು ಒತ್ತಿದರೂ ನಡೆಯುತ್ತದೆ. ಮಹಾಪ್ರಾಣಗಳನ್ನು ಬಿಟ್ಟು ಬರೆಯಬೇಕಾದ ಪ್ರಮೇಯ ಬರುವುದಿಲ್ಲ.

ಕರೆಂಟಿನ ವಿಷಯ. ಟಿ.ವಿ.ಯಂತೆ ಇದರ ಸ್ವಿಚ್ಚನ್ನು ಟಕ್ಕೆಂದು ತೆಗೆದರೆ ಕಾರ್ಡಿನಲ್ಲಿರುವುದು ಕೆಟ್ಟುಹೋಗುವ ಸಂಭವವಿದೆ. ಪರದೆಯಲ್ಲಿ ಮುಚ್ಚಿದ ಮೇಲೆಯೇ ಸ್ವಿಚ್ಚು ತೆಗೆಯಬೇಕು. ಕರೆಂಟು ಆಗಾಗ ಹೋಗುವ ಹಳ್ಳಿಯಲ್ಲಿ ಇನ್ನೊಂದು ಕಾರ್ಡಿನಲ್ಲಿ ಪ್ರತಿ ಇಟ್ಟುಕೊಳ್ಳುವುದು ಕ್ಷೇಮ. ಹೊಸೂರಿನವರು ಬೆಳಿಗ್ಗೆ ಬಸ್ಸು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇಕಾದ್ದನ್ನು ಕೊಂಡು ಸಂಜೆಗೆ ಊರು ಸೇರಬಹುದು. ಕನ್ನಡ ಬಲ್ಲ ಒಬ್ಬ ಅಧ್ಯಾಪಕರು ಅಕ್ಷರ, ಧ್ವನಿ, ಕೀಲಿಮಣೆಗಳನ್ನು ಹೊಂದಿಸಿ ಒಂದು ಕಾರ್ಡು ಸಿದ್ಧಪಡಿಸಿಟ್ಟರೆ, ಉಳಿದ ಮನೆಗಳಿಗೆ ಅದರ ನಕಲು ತೆಗೆಯಲು ಬರೇ ಕಾರ್ಡಿನ ಬೆಲೆ ಮಾತ್ರ.