ನಿಮಗಿದು ಗೊತ್ತೆ? ಓಣಿ ತಪ್ಪುವ ನೀಲಿ ಚುಕ್ಕೆ

ಕಲಬುರಗಿಯ ಮೋಮಿನಪುರದಂಥ ಹಳೆಯ ಬಡಾವಣೆಯ ಇಕ್ಕಟ್ಟಾದ ಗಲ್ಲಿಯಲ್ಲಿ ಮೊಬೈಲ್ ಮ್ಯಾಪ್‌ನ ನೀಲಿ ಚುಕ್ಕೆ ಕೆಲವೊಮ್ಮೆ ಪಕ್ಕದ ಓಣಿಗೆ ಜಿಗಿಯುತ್ತದೆ. ಉಪಗ್ರಹದ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದೇ ಕಾರಣ. ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು ತಡವಾದರೂ ದೂರದ ಲೆಕ್ಕ ಸುಮಾರು 30 ಸೆಂ.ಮೀ. ತಪ್ಪುತ್ತದೆ. ನಡೆದು ಹೋಗುವವರಿಗೆ ಐದು ಮೀಟರ್ ಆಚೀಚೆ ಆದರೂ ನಡೆದೀತು. ಚಾಲಕನಿಲ್ಲದ ಕಾರಿಗೆ ಅದು ಯಾರದೋ ಮನೆಕಟ್ಟೆ!

ಅದಕ್ಕೇ ನೆಲಕೇಂದ್ರಗಳ ನೆರವು. ತಾನಿರುವ ಜಾಗ ಖಚಿತವಾಗಿ ಗೊತ್ತಿರುವ ಕೇಂದ್ರವು ಸಂಕೇತದ ತಪ್ಪನ್ನು ಅಳೆದು ಕಾರಿಗೆ ತಿಳಿಸುತ್ತದೆ. ಬಯಲಿನಲ್ಲಿ ದೋಷ ಕೆಲವೇ ಸೆಂ.ಮೀ.ಗೆ ಇಳಿಯುತ್ತದೆ. ಗಲ್ಲಿಯಲ್ಲಾದರೆ ಕ್ಯಾಮೆರಾ, ಲೇಸರ್‌ನಿಂದ ದೂರ ಅಳೆಯುವ ಲೈಡಾರ್, ಚಕ್ರದ ಸುತ್ತಿನ ಎಣಿಕೆಯೂ ಬೇಕು.

ಉಪಗ್ರಹಗಳಿಂದ ಸ್ಥಳ ತಿಳಿಸುವ ಭಾರತದ್ದೇ ನಾವಿಕ್ ವ್ಯವಸ್ಥೆಗೆ ಬೆಂಗಳೂರು ಬಳಿಯ ಬ್ಯಾಲಾಳುವಿನಲ್ಲಿ ಇಸ್ರೋ ಕೇಂದ್ರವಿದೆ. 2023ರ ಮೇ 29ರಂದು ಹಾರಿದ ಅದರ ಎನ್‌ವಿಎಸ್-01 ಉಪಗ್ರಹದಲ್ಲಿ ಸಮಯವನ್ನು ಅಷ್ಟು ಸೂಕ್ಷ್ಮವಾಗಿ ಅಳೆಯಲು ದೇಶದಲ್ಲೇ ತಯಾರಾದ ರುಬಿಡಿಯಂ ಪರಮಾಣು ಗಡಿಯಾರವಿದೆ.