ಬಿಟ್ಟುಹೋದ ಗಿರಾಕಿಯನ್ನು ಮರಳಿ ಪಡೆಯುವುದು: ಚರಿತ್ರೆಯ ಎರಡು ನಿದರ್ಶನಗಳು

ವ್ಯಾಪಾರದ ಚರಿತ್ರೆಯನ್ನು ಬರೆದವರು ಪೇಟೆಗಳ ಹುಟ್ಟನ್ನು ವಿಸ್ತಾರವಾಗಿ ಹೇಳಿದ್ದಾರೆ. ಅವುಗಳ ಅಳಿವನ್ನೂ ಹೇಳಿದ್ದಾರೆ. ಇವೆರಡರ ನಡುವಣ ಸಂಗತಿಯೊಂದಕ್ಕೆ ದೊರೆತಿರುವ ಗಮನ ಕಡಮೆ. ಒಮ್ಮೆ ಬರುತ್ತಿದ್ದು, ಬಳಿಕ ಬರುವುದನ್ನು ನಿಲ್ಲಿಸಿದ ಗಿರಾಕಿಯನ್ನು ಮತ್ತೆ ಬರಮಾಡಿಕೊಳ್ಳುವುದು ಹೇಗೆ? ಈ ಪ್ರಶ್ನೆ ಇಂದಿನ ವಾಣಿಜ್ಯಶಾಸ್ತ್ರದ್ದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಇದನ್ನು ಅರಸರೂ ಅಮಾತ್ಯರೂ ಶತಮಾನಗಳ ಹಿಂದೆಯೇ ಎದುರಿಸಿದ್ದರು. ಅವರಲ್ಲಿ ಕೆಲವರು ಗೆದ್ದರು, ಕೆಲವರು ಸೋತರು. ಅಂಥ ಎರಡು ನಿದರ್ಶನಗಳನ್ನು ಈ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ವಿಷಯದ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹುಮನಾಬಾದ ಸೀಮೆಯ ಕೊಡಂಬಲದಂಥ ಒಂದು ಊರಿನಲ್ಲಿ ಒಂದು ಕಿರಾಣಿ ಅಂಗಡಿಯಿದೆಯೆಂದು ಭಾವಿಸೋಣ. ಅದರ ಗಿರಾಕಿಗಳಲ್ಲಿ ಕೆಲವರು ಬರುವುದನ್ನು ನಿಲ್ಲಿಸುತ್ತಾರೆ. ಅವರೆಲ್ಲರ ಕಾರಣವೂ ಒಂದೇ ಅಲ್ಲ. ಒಬ್ಬನು ಊರನ್ನೇ ಬಿಟ್ಟು ದುಡಿಮೆಗಾಗಿ ಹೋಗಿರಬಹುದು. ಅವನನ್ನು ಕರೆದು ಪ್ರಯೋಜನವಿಲ್ಲ. ಇನ್ನೊಬ್ಬನಿಗೆ ಬೇರೆ ಅಂಗಡಿಯಲ್ಲಿ ಅಗ್ಗವಾಗಿ ಸರಕು ದೊರೆತಿರಬಹುದು. ಬೆಲೆ ಇಳಿಸಿದರೆ ಅವನು ಬಂದಾನು, ಮತ್ತೊಬ್ಬನು ಇನ್ನೂ ಇಳಿಸಿದರೆ ಅಲ್ಲಿಗೂ ಹೋದಾನು. ಮೂರನೆಯವನು ಉದ್ದರಿಯ ಬಾಕಿಯನ್ನು ತೀರಿಸಲಾರದೆ ಸಂಕೋಚದಿಂದ ಬೇರೆ ಬೀದಿಯಲ್ಲಿ ನಡೆಯತೊಡಗುತ್ತಾನೆ. ಅವನಿಗೆ ಹೊಸ ಸರಕಿನ ಆಸೆ ತೋರಿಸಿ ಫಲವಿಲ್ಲ, ಹಳೆಯ ಬಾಕಿಯ ವಿಷಯದಲ್ಲಿ ಒಂದು ಮಾತು ಆಡಬೇಕು. ನಾಲ್ಕನೆಯವನು ತೂಕದಲ್ಲಿಯೋ ಲೆಕ್ಕದಲ್ಲಿಯೋ ಮೋಸಹೋಗಿ ಬಿಟ್ಟವನು. ಇವನನ್ನು ಮರಳಿ ಪಡೆಯುವುದೇ ಎಲ್ಲಕ್ಕಿಂತ ಕಠಿಣ. ನಮ್ಮ ನಿದರ್ಶನಗಳೆರಡೂ ಈ ನಾಲ್ಕನೆಯ ವರ್ಗಕ್ಕೆ ಸೇರಿದವು.

ಅಂಗಡಿಯಿಂದ ಅರಮನೆಗೆ ಹೋಗುವುದು ದೂರದ ಜಿಗಿತವೆಂದು ವಾಚಕರು ಭಾವಿಸಬಾರದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರಂಥ ವರ್ತಕಸಂಘಗಳು ದಕ್ಷಿಣಾಪಥದ ಉದ್ದಗಲಕ್ಕೂ ಸಂಚರಿಸುತ್ತಿದ್ದವು. ಅವರ ವ್ಯವಹಾರ ಯಾವೊಬ್ಬ ಅರಸನ ಸೀಮೆಗೂ ಕಟ್ಟುಬಿದ್ದುದಲ್ಲ. ಒಂದು ಸೀಮೆಯಲ್ಲಿ ಸುಂಕದ ಕಾಟ ಹೆಚ್ಚಿದರೆ ಇನ್ನೊಂದು ದಾರಿ ಹಿಡಿಯಲು ಅವರಿಗೆ ಅವಕಾಶವಿತ್ತು. ಆದುದರಿಂದ ಅರಸನು ರಕ್ಷಣೆ, ದಾರಿ, ಸಂತೆ ಇವುಗಳನ್ನು ಒದಗಿಸುವವನಾದರೆ, ವರ್ತಕನು ಸುಂಕವೆಂಬ ಬೆಲೆ ತೆತ್ತು ಅವುಗಳನ್ನು ಕೊಳ್ಳುವವನು. ಈ ಅರ್ಥದಲ್ಲಿ ವರ್ತಕನು ರಾಜ್ಯದ ಗಿರಾಕಿಯೇ ಸರಿ.

ಮೊದಲನೆಯ ನಿದರ್ಶನ ಆಂಧ್ರತೀರದ ಮೋಟುಪಲ್ಲಿಯದು. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದು ಅನಂತರ ಸ್ವತಂತ್ರರಾದ ಕಾಕತೀಯರ ವಂಶದ ಗಣಪತಿದೇವನು ಈ ರೇವುಪಟ್ಟಣದಲ್ಲಿ ಶಕ 1166ರಲ್ಲಿ, ಎಂದರೆ ಕ್ರಿ.ಶ. 1244–45ರಲ್ಲಿ, ಒಂದು ಅಭಯಶಾಸನವನ್ನು ಹಾಕಿಸಿದನು. ದ್ವೀಪಾಂತರ ದೇಶಾಂತರಗಳಿಂದ ಬರುವ ಸಮುದ್ರವರ್ತಕರನ್ನು ಉದ್ದೇಶಿಸಿ ಅದು ಹೇಳುವುದಿಷ್ಟು: ಬಿರುಗಾಳಿಗೆ ಸಿಕ್ಕಿ ಹಡಗು ಒಡೆದು ದಡಕ್ಕೆ ಬಿದ್ದಾಗ ಅದರಲ್ಲಿದ್ದ ಚಿನ್ನ, ಆನೆ, ಕುದುರೆ, ರತ್ನ ಮೊದಲಾದುವನ್ನು ಹಿಂದಿನ ಅರಸರು ಬಲಾತ್ಕಾರವಾಗಿ ಕಿತ್ತುಕೊಳ್ಳುತ್ತಿದ್ದರು, ನಾವಾದರೋ ಗೊತ್ತುಪಡಿಸಿದ ಸುಂಕವನ್ನು ಬಿಟ್ಟು ಬೇರೆ ಏನನ್ನೂ ಮುಟ್ಟುವುದಿಲ್ಲ. ಆ ಸುಂಕವಾದರೂ ಆಮದು ರಫ್ತುಗಳೆರಡಕ್ಕೂ ಮೂವತ್ತರಲ್ಲಿ ಒಂದು ಪಾಲು, ಎಂದರೆ ನೂರಕ್ಕೆ ಮೂರಕ್ಕಿಂತ ತುಸು ಹೆಚ್ಚು.

ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ಶಾಸನವು ವರ್ತಕರಿಗೆ ಆದ ಅನ್ಯಾಯವನ್ನು ಮರೆಮಾಡುವುದಿಲ್ಲ; ಅದನ್ನು ಹೆಸರಿಸಿಯೇ ಮುಂದುವರಿಯುತ್ತದೆ. ತಪ್ಪನ್ನು ಹಿಂದಿನ ಅರಸರ ಮೇಲೆ ಹೊರಿಸಿರುವುದು ರಾಜನೀತಿಯ ಜಾಣತನವೇ ಆದರೂ, ವರ್ತಕನು ಯಾವುದಕ್ಕೆ ಹೆದರಿದ್ದನೋ ಅದನ್ನೇ ಕುರಿತು ಮಾತನಾಡಿರುವುದು ಮುಖ್ಯ. ಎರಡನೆಯದಾಗಿ, ಔದಾರ್ಯದ ಅಸ್ಪಷ್ಟ ಮಾತಿಗೆ ಬದಲು ಒಂದು ಸಂಖ್ಯೆಯಿದೆ. ಸುಂಕದವನು ಹೆಚ್ಚು ಕೇಳಿದರೆ ವರ್ತಕನು ಆ ಸಂಖ್ಯೆಯನ್ನು ತೋರಿಸಬಹುದು. ಮೂರನೆಯದಾಗಿ, ಈ ಮಾತು ಕಲ್ಲಿನ ಮೇಲೆ, ಎಲ್ಲರೂ ಕಾಣುವಂತೆ ನಿಂತಿತು. ಕಟ್ಟುಪಾಡಿಗೆ ಒಳಗಾದವನು ಇಲ್ಲಿ ಬಲಿಷ್ಠನಾದ ಅರಸನೇ ಹೊರತು ದುರ್ಬಲನಾದ ವರ್ತಕನಲ್ಲ.

ಆದರೆ ಅರಸನ ಮಾತು ಅರಸುಮನೆತನ ಇರುವವರೆಗೆ ಮಾತ್ರ. 1323ರಲ್ಲಿ ಓರುಗಲ್ಲು ದಿಲ್ಲಿಯ ಸೈನ್ಯಕ್ಕೆ ವಶವಾಗಿ ಕಾಕತೀಯರ ಆಳಿಕೆ ಮುಗಿಯಿತು. ಬಳಿಕ ಅದೇ ಮೋಟುಪಲ್ಲಿಯಲ್ಲಿ ರೆಡ್ಡಿ ಅರಸನಾದ ಅನಪೋತನು 1358ರಲ್ಲಿ ಇನ್ನೊಂದು ಅಭಯಶಾಸನವನ್ನು ಕೊಡಬೇಕಾಯಿತು. ಬಂದು ನೆಲಸುವವರಿಗೆ ಭೂಮಿ ಕೊಡುತ್ತೇವೆ. ಹೋಗಬೇಕೆಂದವರನ್ನು ಬಲವಂತವಾಗಿ ತಡೆಯುವುದಿಲ್ಲ. ಸರಕನ್ನು ಇಷ್ಟಬಂದವರಿಗೆ ಮಾರಬಹುದು. ಮಕ್ಕಳಿಲ್ಲದೆ ಸತ್ತವರ ಆಸ್ತಿಯನ್ನು ತೆಗೆದುಕೊಳ್ಳುವುದಿಲ್ಲ—ಇವು ಅದರ ಭರವಸೆಗಳಲ್ಲಿ ಕೆಲವು. ‘ಹೋಗಬಹುದು’ ಎಂಬ ಮಾತು ‘ಬನ್ನಿ’ ಎಂಬ ಕರೆಯಲ್ಲಿಯೇ ಸೇರಿರುವುದು ವಿಚಾರಾರ್ಹವಾಗಿದೆ. ಹೊರಗೆ ಹೋಗುವ ಬಾಗಿಲು ತೆರೆದಿದೆಯೆಂದು ಖಚಿತವಾದ ಮೇಲೆಯೇ ಒಮ್ಮೆ ನೊಂದವನು ಒಳಗೆ ಕಾಲಿಡುತ್ತಾನೆ.

ಎರಡನೆಯ ನಿದರ್ಶನ ಬೆಂಗಳೂರು ಪೇಟೆಯದು. ಇದಕ್ಕೆ ನಮ್ಮ ಮುಖ್ಯ ಆಧಾರ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸಗ್ರಂಥ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಅವನು 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದನು. ಗ್ರಂಥವು 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ಅವನ ಹೇಳಿಕೆಯಂತೆ ಹೈದರಾಲಿಯ ಕಾಲದಲ್ಲಿ ಪೇಟೆ ಸಮೃದ್ಧವಾಗಿತ್ತು. ಟಿಪ್ಪು ಸುಲ್ತಾನನು ಆರ್ಕಾಟು ಮತ್ತು ಹೈದರಾಬಾದು ಸಂಸ್ಥಾನಗಳೊಡನೆ ವ್ಯಾಪಾರವನ್ನು ನಿಷೇಧಿಸಿದನು. ಸರಕಾರದ ಸರಕನ್ನು ಹೆಚ್ಚಿನ ಬೆಲೆಗೆ ಕೊಳ್ಳುವಂತೆ ವರ್ತಕರನ್ನು ಬಲವಂತಪಡಿಸಿದನು. ಈ ನಿಷೇಧವು ನಮ್ಮ ಸೀಮೆಗೂ ಸಂಬಂಧಿಸಿದುದು. ಬೀದರು, ಕಲ್ಯಾಣ, ಹುಮನಾಬಾದುಗಳು ಅಂದು ನಿಜಾಮನ ಸಂಸ್ಥಾನದೊಳಗಿದ್ದವು. ನಿಷೇಧದ ಗೆರೆಯ ಆಚೆ ಉಳಿದ ಗಿರಾಕಿಗಳಲ್ಲಿ ಈ ಕಡೆಯ ಪೇಟೆಗಳೂ ಸೇರುತ್ತವೆ.

ಮುಂದಿನ ಘಟನೆಗಳು ತ್ವರಿತವಾಗಿ ನಡೆದವು. 1791ರ ಮಾರ್ಚಿ 7ರಂದು ಕಾರ್ನ್‌ವಾಲಿಸನ ಸೈನ್ಯವು ಪೇಟೆಯನ್ನೂ 21ರಂದು ಕೋಟೆಯನ್ನೂ ಹಿಡಿಯಿತು. ಪೇಟೆ ಲೂಟಿಯಾಯಿತು. ಧನಿಕರು ಕೋಟೆಯೊಳಗೆ ಸಾಗಿಸಿದ್ದ ಬೆಲೆಬಾಳುವ ವಸ್ತುಗಳೂ ದಾಳಿಕಾರರ ಪಾಲಾದವು. ಇಂಗ್ಲಿಷರು ಹೊರಟುಹೋದ ಮೇಲೆ ಟಿಪ್ಪುವು ಚದರಿದ್ದ ನಿವಾಸಿಗಳಿಗೆ ಭರವಸೆಯಿತ್ತು ಕರೆಸಿಕೊಂಡನು. ಅವರು ಅಲ್ಲಲ್ಲಿ ಉಳಿಸಿಕೊಂಡಿದ್ದ ಅಲ್ಪಸ್ವಲ್ಪ ಆಸ್ತಿಯನ್ನು ಕೂಡಿಹಾಕಿಕೊಂಡು ಮರಳಿದರು. ಹಾಗೆ ಮರಳಿದೊಡನೆ, ಅವರು ಇಂಗ್ಲಿಷರಿಗೆ ಸ್ನೇಹಿತರಾಗಿದ್ದರೆಂಬ ನೆಪದಿಂದ ಪೇಟೆಗೆ ಸೈನ್ಯದ ಮುತ್ತಿಗೆ ಬಿತ್ತು. ಹೆಂಗಸರ ಸಣ್ಣಪುಟ್ಟ ಒಡವೆಗಳವರೆಗೆ ಎಲ್ಲವೂ ವಸೂಲಾಯಿತು. ಊರ ಸುತ್ತ ಒಂದು ಕ್ರೋಶ ದೂರದಲ್ಲಿದ್ದ ಬೇಲಿಯೊಳಗೆ ಅವರನ್ನು ತಡೆದಿಡಲಾಯಿತು. 1799ರಲ್ಲಿ ಹ್ಯಾರಿಸನ ಸೈನ್ಯ ಸಮೀಪಿಸಿ ಕಾವಲು ಸರಿದಾಗ ಅವರು ಯಾರನ್ನು ನಂಬಬೇಕೆಂದು ತಿಳಿಯದೆ ದಿಕ್ಕುದಿಕ್ಕಿಗೆ ಚದರಿದರು. ಕೆಲವು ತಿಂಗಳು ಪೇಟೆ ಬರಿದಾಗಿಯೇ ಇತ್ತು. ಇದು ಬುಕಾನನ್‌ನ ವೃತ್ತಾಂತದ ಸಾರಾಂಶ.

ಈ ಸಾಕ್ಷ್ಯವನ್ನು ಎಚ್ಚರದಿಂದ ಬಳಸಬೇಕು. ಬುಕಾನನ್ ಕಂಪನಿಯ ನೌಕರ. ಟಿಪ್ಪು ಮಡಿದು ಒಂದು ವರ್ಷವಾಗಿದ್ದಾಗ ಗೆದ್ದವರ ಪರವಾಗಿ ಬಂದವನು. ವ್ಯಾಪಾರನಿಷೇಧಕ್ಕೆ ಕೇವಲ ದ್ವೇಷವೇ ಕಾರಣವೆಂಬ ಅವನ ಮಾತನ್ನು ಹಾಗೆಯೇ ಒಪ್ಪಬೇಕಾಗಿಲ್ಲ. ಆರ್ಕಾಟಿನ ನವಾಬನು ಕಂಪನಿಯ ಆಶ್ರಯದಲ್ಲಿದ್ದನು, ನಿಜಾಮನು 1790ರಲ್ಲಿ ಅದರೊಡನೆ ಸೇರಿದನು. ಶತ್ರುವಿಗೆ ಸರಕು ಹೋಗದಂತೆ ತಡೆಯುವುದು ಯುದ್ಧನೀತಿಯೂ ಹೌದು. ಟಿಪ್ಪುವಿಗೆ ವಾಣಿಜ್ಯದಲ್ಲಿ ಆಸಕ್ತಿಯಿರಲಿಲ್ಲವೆಂದೂ ಹೇಳಲಾಗದು. ಮಸ್ಕತ್ತಿನಲ್ಲಿ ಅವನ ಕೋಠಿಯಿತ್ತು. ಆದರೂ ವೃತ್ತಾಂತಕ್ಕೆ ಬೆಲೆ ಕೊಡಲು ಒಂದು ಕಾರಣವಿದೆ: ಬುಕಾನನ್ ತನ್ನವರ ಲೂಟಿಯನ್ನೂ ಮುಚ್ಚಿಟ್ಟಿಲ್ಲ. ಪೇಟೆಯ ಜನ ಇಬ್ಬರಿಂದಲೂ ನೊಂದವರೆಂಬುದು ಅವನ ಬರಹದಿಂದಲೇ ಸಿದ್ಧವಾಗುತ್ತದೆ.

ನಮ್ಮ ವಿಷಯಕ್ಕೆ ಈ ನಿದರ್ಶನದ ಕೊಡುಗೆಯೇನು? 1791ರಲ್ಲಿ ಜನ ಚದರಿದ್ದಕ್ಕೂ 1799ರಲ್ಲಿ ಚದರಿದ್ದಕ್ಕೂ ಭೇದವಿದೆ. ಮೊದಲನೆಯ ಸಲ ಅವರು ಕಳೆದುಕೊಂಡದ್ದು ಆಸ್ತಿಯನ್ನು. ಆದುದರಿಂದ ಕರೆದಾಗ ಬಂದರು. ಎರಡನೆಯ ಸಲ ಕರೆಯ ಮೇಲಿನ ನಂಬಿಕೆಯೇ ಹೋಗಿತ್ತು. ಆಗ ಅವರು ಹಳೆಯ ಒಡೆಯನಿಂದ ಮಾತ್ರವಲ್ಲದೆ ಹೊಸದಾಗಿ ಬರುತ್ತಿದ್ದ ಸೈನ್ಯದಿಂದಲೂ ಓಡಿಹೋದರು. ಭರವಸೆಯನ್ನು ಮುರಿದವನು ತನ್ನ ಮುಂದಿನ ಮಾತಿನ ಬೆಲೆಯನ್ನು ಮಾತ್ರವಲ್ಲ, ತನ್ನ ತರುವಾಯ ಬರುವವನ ಮಾತಿನ ಬೆಲೆಯನ್ನೂ ಕಳೆದಿರುತ್ತಾನೆ. ಮರಳಿ ಬಂದ ಗಿರಾಕಿಯಿಂದ ಹಿಂದಿನ ನಷ್ಟವನ್ನೆಲ್ಲ ಒಮ್ಮೆಗೇ ತುಂಬಿಕೊಳ್ಳಬೇಕೆಂಬ ಆತುರ ಇಂದಿನ ವ್ಯಾಪಾರಿಗೂ ಅಪರಿಚಿತವಲ್ಲ. ಅದರ ಪರಿಣಾಮ ಇದೇ.

1799ರ ಜೂನ್ 30ರಂದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಗಿ ದಿವಾನ್ ಪೂರ್ಣಯ್ಯನವರ ಆಡಳಿತ ನಡೆಯತೊಡಗಿತು. 1800ರ ಮೇ ತಿಂಗಳಲ್ಲಿ ಬುಕಾನನ್ ಬೆಂಗಳೂರಿಗೆ ಬಂದಾಗ ಜನ ಎಲ್ಲ ಕಡೆಗಳಿಂದಲೂ ಬರುತ್ತಿದ್ದರು. ಧನಿಕರು ವಿರಳ, ಆದರೆ ವ್ಯಾಪಾರವೂ ಕೈಗಾರಿಕೆಯೂ ಬೆಳೆಯುತ್ತಿದ್ದವು. ಆಮದು ರಫ್ತುಗಳು ಹಿಂದಿನ ಅತ್ಯುಚ್ಚ ಸ್ಥಿತಿಯ ನಾಲ್ಕನೆಯ ಒಂದು ಪಾಲಿನಷ್ಟು ಆಗಿದ್ದವೆಂದು ಆಗಿನವರ ಅಂದಾಜು. ಈ ನಾಲ್ಕನೆಯ ಒಂದು ಪಾಲನ್ನು ಎರಡು ರೀತಿಯಲ್ಲಿ ಓದಬಹುದು. ಒಂದೇ ವರ್ಷದಲ್ಲಿ ಇಷ್ಟಾದುದು ಶ್ಲಾಘ್ಯ. ಶಾಂತಿಯೂ ತೆರೆದ ದಾರಿಗಳೂ ದೊರೆತ ಮೇಲೆ ಕೂಡ ಮುಕ್ಕಾಲು ಪಾಲು ಬಾಕಿಯಿದ್ದಿತೆಂಬುದು ಅಷ್ಟೇ ಸತ್ಯ. ಮೊದಲು ಬಂದವರು ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದವರೆಂದೂ, ಉಳ್ಳವರು ಕಾದು ನೋಡಿದರೆಂದೂ ನಾವು ಊಹಿಸಬಹುದು. ಧನಿಕರು ವಿರಳವೆಂಬ ಮಾತು ಇದಕ್ಕೆ ವಿರೋಧವಾಗಿಲ್ಲವಾದರೂ, ಲೂಟಿಯಿಂದ ಧನಿಕರೇ ಬಡವರಾಗಿದ್ದರೆಂಬ ಅರ್ಥವೂ ಅದಕ್ಕೆ ಸಾಧ್ಯ.

ಎರಡೂ ನಿದರ್ಶನಗಳನ್ನು ಕೂಡಿಸಿ ನೋಡಿದರೆ ಒಂದು ನಿರ್ಣಯ ಹೊರಡುತ್ತದೆ. ಅನ್ಯಾಯದಿಂದ ದೂರವಾದ ಗಿರಾಕಿಯನ್ನು ರಿಯಾಯಿತಿಯೊಂದೇ ಮರಳಿ ತರಲಾರದು. ಅವನು ಬಿಟ್ಟುಹೋದ ಕಾರಣವನ್ನು ಹೆಸರಿಸಬೇಕು. ಬಲಿಷ್ಠ ಪಕ್ಷವು ಅಳೆದು ನೋಡಬಹುದಾದ ಕಟ್ಟುಪಾಡಿಗೆ ಬಹಿರಂಗವಾಗಿ ಒಳಗಾಗಬೇಕು. ಮರಳಿದವನು ಮತ್ತೆ ಹೋಗಲು ಸ್ವತಂತ್ರನಾಗಿರಬೇಕು. ಆ ಬಳಿಕ ಕಾಯಬೇಕು. ಅಂಗಡಿಯವನ ಪಾಲಿಗೆ ಮೂವತ್ತರಲ್ಲಿ ಒಂದು ಎಂಬ ಶಾಸನದ ಸ್ಥಾನದಲ್ಲಿ ಗಿರಾಕಿಯ ಕಣ್ಣಿಗೆ ಕಾಣುವಂತೆ ಇಟ್ಟ ತಕ್ಕಡಿಯೂ ಬರೆದು ತೂಗುಹಾಕಿದ ದರಪಟ್ಟಿಯೂ ನಿಲ್ಲುತ್ತವೆ.

ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಅರಸರ ಭರವಸೆಗಳು ಕಲ್ಲಿನಲ್ಲಿ ಉಳಿದಿವೆ. ಸಾಮಾನ್ಯ ಅಂಗಡಿಯ ವೃತ್ತಾಂತವು ಉಳಿಯುವುದು ಕೀರ್ದಿ ಖಾತೆಗಳ ಪುಸ್ತಕಗಳಲ್ಲಿ ಮಾತ್ರ. ಯಾವ ಮನೆತನದ ಹೆಸರು ಯಾವ ವರ್ಷ ಖಾತೆಯಿಂದ ಮರೆಯಾಯಿತು, ಯಾವ ವರ್ಷ ಮತ್ತೆ ಕಾಣಿಸಿತು, ನಡುವೆ ಬಾಕಿ ಏನಾಯಿತು ಎಂಬುದನ್ನು ಅವುಗಳಿಂದ ತಿಳಿಯಬಹುದು. ಕೊಡಂಬಲ, ಹುಮನಾಬಾದ, ಬಸವಕಲ್ಯಾಣಗಳ ಕಡೆಯ ವಿದ್ಯಾರ್ಥಿಗಳು ತಮ್ಮ ಊರುಗಳ ಹಳೆಯ ಅಂಗಡಿಗಳಲ್ಲಿ ಇಂಥ ಪುಸ್ತಕಗಳಿದ್ದರೆ, ಒಡೆಯರ ಅನುಮತಿ ಪಡೆದು, ಗೆದ್ದಲಿಗೂ ರದ್ದಿಗೂ ಹೋಗುವ ಮುನ್ನ ಅವುಗಳ ಪ್ರತಿ ಮಾಡಿಕೊಳ್ಳಬೇಕೆಂದು ಕೋರುತ್ತೇವೆ. ಬರಗಾಲದ ವರ್ಷದಲ್ಲಿ ಬಿಟ್ಟುಹೋದ ಗಿರಾಕಿ ಯಾವ ಷರತ್ತಿನ ಮೇಲೆ ಮರಳಿದನೆಂಬುದು ಅಂಥ ಒಂದೆರಡು ಪುಟಗಳಿಂದ ತಿಳಿದುಬಂದರೂ, ನಾವು ಮೇಲೆ ಮಾಡಿದ ನಿರ್ಣಯವನ್ನು ಒರೆಹಚ್ಚಿ ನೋಡಲು ಸಾಧ್ಯವಾಗುತ್ತದೆ.